ಬುಡು ಅಂದರೆ ಹೊಡಿ ಅಂತಲ್ಲ

ಬೋಗಾದಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಕಾಲೇಜು ಹುಡುಗಿಯರು ಮೊನ್ನೆ ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿ, "ಆಂಟಿ, ನಾವೂ ಏರ್ ರೈಫಲ್ ಕಲೀಬೇಕು ಅಂತಿದ್ದೀವಿ, ಯಾವ ರೈಫಲ್ ತಗೊಳ್ಳೋದು?" ಅಂತ ಕೇಳಿದರು. ನನಗೆ ರೇಗಿತು. ಎಲ್ಲರೂ ಮೊದಲು ಕೇಳುವುದು ಇದನ್ನೇ. "ಏನೂ ತಗೋಬೇಡಿ ಕಣ್ರಮ್ಮ. ರೈಫಲ್ಲು ರೇಂಜ್‌ನಲ್ಲೇ ಕೊಡ್ತಾರೆ. ಮೊದಲು ಹೋಗಿ ನೆಟ್ಟಗೆ ನಿಂತ್ಕೊಳ್ಳೋದು ಕಲೀರಿ" ಅಂದೆ. ಬಾಯಿ ನನ್ನದು, ಮಾತು ನಮ್ಮ ಅತ್ತೆಯದು.

ಅತ್ತೆ ಅಂದರೆ ಅಪ್ಪನ ತಂಗಿ. ಅಶೋಕಪುರಂನಲ್ಲಿ ಮನೆ. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ರೈಫಲ್ ಹಿಡಿದವರು, ಮದುವೆ, ಮಕ್ಕಳು, ಆಫೀಸು ಅಂತ ಅದನ್ನು ಬಿಟ್ಟುಕೊಟ್ಟವರಲ್ಲ. ನಜರ್‌ಬಾದಿನ ಒಂದು ಕಲ್ಯಾಣಮಂಟಪದ ಕೆಳಗೆ, ಹಳೆಯ ಊಟದ ಹಾಲ್‌ನಲ್ಲಿ ಪುಟ್ಟ ರೇಂಜ್ ಇತ್ತು. ಹತ್ತು ಮೀಟರ್ ಆಚೆ ಕಾಗದದ ಗುರಿ, ಅದರ ನಡುವೆ ಒಂದು ಕರೀ ವೃತ್ತ, ಹಿಂದೆ ಮರಳಿನ ಚೀಲ. ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ ಜಾಗದಲ್ಲಿ ಪಂಕ್ತಿಯಲ್ಲಿ ನಿಂತು ಗುಂಡು ಹಾರಿಸುತ್ತಿದ್ದೆವು. ಮೇಲೆ ಮುಹೂರ್ತಕ್ಕೆ ಗಟ್ಟಿಮೇಳ ಶುರುವಾಯಿತೋ, ಕೆಳಗೆ ನಮ್ಮೆಲ್ಲರ ಪೆಲ್ಲೆಟ್ಟುಗಳೂ, ಅಂದರೆ ಸೀಸದ ಪುಟ್ಟ ಗುಂಡುಗಳೂ, ದಿಕ್ಕಾಪಾಲು. ಭಾನುವಾರ ಬೆಳಗ್ಗೆ ಹೊಸಬರಿಗೆ ಹೇಳಿಕೊಡುವುದು ಅತ್ತೆಯ ಕೆಲಸವಾಗಿತ್ತು.

ನಾನು ಅಲ್ಲಿಗೆ ಹೋದದ್ದು ಆಸೆಪಟ್ಟಲ್ಲ. ಅತ್ತೆಯ ಬಲಗಣ್ಣಿನ ದೃಷ್ಟಿ ನಟ್ಟನಡುವೆ ಮಸುಕಾಗುತ್ತಿತ್ತು. ಸುತ್ತಲಿನದೆಲ್ಲ ಕಾಣುತ್ತದೆ, ನೇರ ನೋಡಿದ್ದೇ ಕಾಣುವುದಿಲ್ಲ. ಹೋದದ್ದು ಮತ್ತೆ ಬರುವುದಿಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿದ್ದರು. ಬೇರೆಯವರಾದರೆ ಅಲ್ಲಿಗೇ ಕೈಮುಗಿಯುತ್ತಿದ್ದರು. ಈ ಮಹಾತಾಯಿ, "ಎಡಗಣ್ಣು ನೆಟ್ಟಗೈತಲ್ಲ, ರೈಫಲ್ಲನ್ನ ಎಡಭುಜಕ್ಕೆ ಇಟ್ಕೊಂಡು ಎಡಗಡೆಯಿಂದ ಕಲೀತೀನಿ ಬುಡು. ಈ ವಯಸ್ಸಲ್ಲಿ ಹೊಸಬಳ ಥರ ಒಬ್ಬಳೇ ನಿಂತ್ಕೊಳ್ಳೋಕೆ ನಾಚ್ಕೆ ಕಣೇ, ನೀನೂ ಬಾ" ಅಂದು ನನ್ನ ಸ್ಕೂಟರಿನ ಹಿಂದೆ ಹತ್ತಿ ಕೂತೇಬಿಟ್ಟರು. ನಮ್ಮ ಯಜಮಾನರೋ, "ನಮ್ಮನೆಯೋಳು ಭಾನುವಾರ ಬೆಳಗ್ಗೆ ಬೆಳಗ್ಗೇನೇ ಗುಂಡು ಹಾಕೋಕೆ ಹೊರಟ್ಲು" ಅಂತ ಬೀದಿಗೆಲ್ಲ ಸಾರಿದರು. ಎದುರು ಮನೆಯಾಕೆ ಬಹಳ ದಿನ ನನ್ನನ್ನು ಅನುಮಾನದಿಂದಲೇ ನೋಡಿದರು.

ಮೊದಮೊದಲು ಪೆಲ್ಲೆಟ್ ಮುಟ್ಟಲು ಬಿಡಲೇ ಇಲ್ಲ. ಖಾಲಿ ರೈಫಲ್ ಎತ್ತುವುದು, ಇಳಿಸುವುದು, ಅಷ್ಟೇ. "ತೋಳಲ್ಲಿ ಎತ್ತಬ್ಯಾಡ, ನೋವು ಬಂದು ನಡುಗ್ತದೆ. ಮೊಣಕೈನ ಸೊಂಟದ ಮೂಳೆ ಮೇಲೆ ಕೂರ್ಸು. ಮಗೂನ ಕಂಕುಳಲ್ಲಿ ಎತ್ಕೊಂಡಿಲ್ವಾ? ಅಂಗೇ ಸೊಂಟ ಕೊಡು" ಅನ್ನುತ್ತಿದ್ದರು. ಕಣ್ಣು ಮುಚ್ಚಿಸಿ, ನಿಧಾನವಾಗಿ ಉಸಿರು ಬಿಡಿಸಿ, ಆಮೇಲೆ ಕಣ್ಣು ತೆರೆಸುತ್ತಿದ್ದರು. ರೈಫಲ್ ಗುರಿಯ ಪಕ್ಕಕ್ಕೆ ನೋಡುತ್ತಿದ್ದರೆ ಕೈಯಿಂದ ಎಳೆಯಬಾರದು, ಪಾದ ಸರಿಸಬೇಕು. ಗುರಿ ನೋಡದ ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಬಾರದು, ಅದರ ಮುಂದೆ ಕಾಗದದ ಚೂರೊಂದನ್ನು ಅಡ್ಡ ಇಟ್ಟುಕೊಂಡರಾಯಿತು. ಇದನ್ನೆಲ್ಲ ನನಗೆ ಹೇಳುತ್ತಲೇ ಅವರು ತಾವೂ ಎಡಗಡೆಯಿಂದ ಕಲಿಯುತ್ತಿದ್ದರು. ಅರ್ಧ ಬೈಗುಳ ನನಗೆ, ಅರ್ಧ ಅವರಿಗೇ. ಮುಗಿದ ಮೇಲೆ ಸೀಸದ ಪೆಲ್ಲೆಟ್ ಮುಟ್ಟಿದ ಕೈಯನ್ನು ತೊಳೆಯದೆ ಯಾರಾದರೂ ಇಡ್ಲಿ ಪೊಟ್ಟಣ ಬಿಚ್ಚಿದರೆ ಮುಗಿಯಿತು, ಅವರ ಜನ್ಮ ಜಾಲಾಡಿಬಿಡುತ್ತಿದ್ದರು.

ಕೊನೆಗೊಂದು ದಿನ ನನ್ನ ರೈಫಲ್ಲಿಗೂ ಪೆಲ್ಲೆಟ್ ಬಿತ್ತು. ಎತ್ತಿ ಹಿಡಿದೆ. ಕರೀ ವೃತ್ತ ರೈಫಲ್ಲಿನ ಮೇಲಿರುವ ಗುರಿ ನೋಡುವ ಕಿಂಡಿಯೊಳಗೆ ಬಂತು, ಹೋಯಿತು, ಮತ್ತೆ ಬಂತು. ಸರಿಯಾಗಿ ನಡುವೆ ನಿಲ್ಲಲಿ ಅಂತ ಕಾದೆ. ಉಸಿರು ಕಟ್ಟಿತು, ತೋಳು ಗಡಗಡ ಅನ್ನತೊಡಗಿತು. ಹಿಂದಿನಿಂದ ಅತ್ತೆ ಮೆಲ್ಲಗೆ, "ಬುಡು" ಅಂದರು. ನಾನು ಇನ್ನೂ ಹಿಡಿದೇ ಇದ್ದೆ. "ಬುಡು ಕಣಮ್ಮ, ಬುಟ್ಬುಡು ಅಂತೀನಿ!" ಬಿಟ್ಟೆ. ಬಾಣ ಬಿಡುವುದು ಅನ್ನುವುದಿಲ್ಲವೇ? ಹಾಗೇ ಬಿಟ್ಟೆ. ಪೆಲ್ಲೆಟ್ ಹೋಗಿ ಪಕ್ಕದಲ್ಲಿ ನಿಂತಿದ್ದ ಮೇಷ್ಟರೊಬ್ಬರ ಗುರಿಗೆ ನಾಟಿತು.

"ಅಯ್ಯೋ ನಿನ್ನ! ಬುಡು ಅಂದ್ರೆ ಇಳ್ಸು ಅಂತ ಕಣೇ! ಹೊಡಿ ಅಂತಲ್ಲ!" ಅಂತ ಅತ್ತೆ ತಲೆ ಚಚ್ಚಿಕೊಂಡರು. ಮೇಷ್ಟರು ತಮ್ಮ ಗುರಿಯನ್ನು ಹತ್ತಿರದಿಂದ ನೋಡಿ, "ಇರಲಿ ಬಿಡಿ ಮೇಡಂ, ನನ್ನ ಎಲ್ಲಾದಕ್ಕಿಂತ ಇದೇ ಚೆನ್ನಾಗಿ ಬಿದ್ದಿದೆ" ಅಂದರು. ಹಾಲ್‌ಗೆ ಹಾಲೇ ನಕ್ಕಿತು. ಅತ್ತೆಯೂ ನಕ್ಕರು, ಆದರೆ ಆವತ್ತಿನಿಂದ ರೇಂಜ್‌ನಲ್ಲಿ ಆ ಮಾತಿಗೆ ನಿಷೇಧ ಬಿತ್ತು. "ಇಳ್ಸು" ಅಂತಲೇ ಹೇಳಬೇಕು. ಕೈ ಸೋತ ಮೇಲೂ ಹಟಕ್ಕೆ ಹೊಡೆಯುವವರೇ ಹೆಚ್ಚು. ಇಳಿಸಿ, ಉಸಿರು ತಗೊಂಡು, ಮತ್ತೆ ಎತ್ತುವುದರಲ್ಲಿ ಅವಮಾನವೇನೂ ಇಲ್ಲ ಅಂತ ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಆ ಹುಡುಗಿಯರಿಗೆ ನಾನು ಹೇಳಬಹುದಾದ ಬುದ್ಧಿಮಾತೆಲ್ಲ ಇಷ್ಟೇ.

ಎಡಗಡೆಯಿಂದ ಅತ್ತೆ ಚೆನ್ನಾಗಿಯೇ ಕಲಿತರು. ಮೊದಲು ಕಾಗದದ ತುಂಬ ಚೆಲ್ಲಾಪಿಲ್ಲಿಯಾಗಿ ಬೀಳುತ್ತಿದ್ದ ತೂತುಗಳು ಬರಬರುತ್ತಾ ಒಂದೇ ಕಡೆ ಗುಂಪಾದವು. ಆ ಕಾಗದವನ್ನು ನನ್ನ ಮೂಗಿಗೆ ಹಿಡಿದು, "ನೋಡೇ, ಹೆಂಗೈತೆ?" ಅಂತ ಚಿಕ್ಕ ಹುಡುಗಿಯಂತೆ ಕುಣಿದರು. ಆಮೇಲೆ ಮಂಟಪದ ಜಗಲಿಯಲ್ಲಿ ಕೂತು ಫ್ಲಾಸ್ಕಿನ ಕಾಫಿ. ಶೂಟಿಂಗ್‌ಗೆ ಮೊದಲು ಕಾಫಿ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ ಅಂತ ಅದುವರೆಗೆ ಅವರು ಫ್ಲಾಸ್ಕನ್ನು ಬಚ್ಚಿಟ್ಟಿರುತ್ತಿದ್ದರು. ಆ ಭಾನುವಾರಗಳಷ್ಟು ಸುಖವನ್ನು ನಾನು ಬೇರೆಲ್ಲೂ ಉಂಡಿಲ್ಲ. ಈಗಲೂ ನಜರ್‌ಬಾದಿನ ಕಡೆ ಹೋದರೆ ಆ ಜಗಲಿಯ ಮುಂದೆ ಸ್ಕೂಟರ್ ನಿಧಾನ ಮಾಡುತ್ತೇನೆ.

ಒಂದು ಭಾನುವಾರ ಅತ್ತೆ ಎಂದಿನಂತೆ ಖಾಲಿ ರೈಫಲ್ ಎತ್ತಿ ನಿಲುವು ನೋಡಿಕೊಂಡರು. ಇಳಿಸಿದರು. ಕಿಂಡಿ ಒರೆಸಿ ಮತ್ತೆ ಎತ್ತಿದರು. ಮತ್ತೆ ಇಳಿಸಿದರು. ನಾನು ಪೆಲ್ಲೆಟ್ ಡಬ್ಬಿಯನ್ನು ಮುಂದೆ ಸರಿಸಿದೆ. ಮುಟ್ಟಲಿಲ್ಲ.

"ಕರೀದು ಕಾಣ್ತಿಲ್ಲ ಕಣೇ" ಅಂದರು. "ಈ ಕಣ್ಣಲ್ಲೂ."

ನನಗೆ ತಡೆಯಲಾಗಲಿಲ್ಲ. "ಅಂದಾಜಿಗೆ ಹೊಡೀರಿ ಅತ್ತೆ. ನಿಲುವು ಸರಿಯಾಗೇ ಇದೆ, ಹಿಂದೆ ಮರಳಿನ ಚೀಲ ಇದೆ, ಯಾರಿಗೇನಾಗುತ್ತೆ?" ಅಂದೆ.

"ಕಾಣದೇ ಇರೋದಕ್ಕೆ ಹೊಡೀತಾರೇನೇ?" ಅಂತ ಗದರಿದರು. "ಇಷ್ಟು ದಿನ ನಾನು ನಿಂಗೆ ಕಲಿಸಿದ್ದು ಇದನ್ನಾ?"

ಗುಂಡು ಹಾರಿಸಲು ನಿಲ್ಲುವ ಗೆರೆ ಬಿಟ್ಟು ಬರುವ ಮೊದಲು ಪ್ರತಿಯೊಬ್ಬರೂ ತಮ್ಮ ರೈಫಲ್ಲಿನೊಳಗೆ ಪೆಲ್ಲೆಟ್ ಇಲ್ಲವೆಂದು ತಾವೇ ನೋಡಿ, ಗಟ್ಟಿಯಾಗಿ "ಖಾಲಿ" ಅನ್ನಬೇಕು. ಅತ್ತೆ ಈ ವಿಷಯದಲ್ಲಿ ಇನ್ನೊಬ್ಬರ ಕಣ್ಣನ್ನು ಯಾವತ್ತೂ ನಂಬಿದವರಲ್ಲ. ಆವತ್ತೂ ರೈಫಲ್ಲಿನ ಮೂತಿಯನ್ನು ಗುರಿಯ ಕಡೆಗೇ ಇಟ್ಟು, ಪೆಲ್ಲೆಟ್ ತುಂಬುವ ಬಾಯಿ ತೆರೆದು ಬಗ್ಗಿದರು. ತಲೆಯನ್ನು ಆಚೆ ಈಚೆ ವಾಲಿಸಿ ಮತ್ತೆ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, "ನೀನೇ ನೋಡಿ ಹೇಳು" ಅಂದರು.

ಬಗ್ಗಿದೆ. ನನ್ನ ಕಣ್ಣು ತುಂಬಿ ಏನೂ ಕಾಣಲಿಲ್ಲ. ನೋಡದೆ ಹೇಳುವಂತಿರಲಿಲ್ಲ. ವೇಲ್‌ನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದೆ.

"ಖಾಲಿ, ಅತ್ತೆ."

"ಖಾಲಿ!" ಅಂತ ಅವರು ಇಡೀ ಹಾಲ್‌ಗೆ ಕೇಳುವ ಹಾಗೆ ಕೂಗಿ, ಗೆರೆಯಿಂದ ಹಿಂದೆ ಸರಿದರು.