ಕಡಲು ಕಾಯುವ ಕದಿರಪ್ಪ

"ಅರಬ್ಬೀ ಸಮುದ್ರ ನನ್ನ ಮಾತು ಮೀರಾಕಿಲ್ಲ ಕಣಪ್ಪ" ಎಂದು ತೆಲುಗು ಸೀಮೆಯ ಅಂಚಿನ ತನ್ನೂರು ಸೆಟ್ಟೂರಿಗೆ ಬಂದಾಗಲೆಲ್ಲ ಕದಿರಪ್ಪ ಎದೆಯುಬ್ಬಿಸುತ್ತಾನೆ. ಮೊದಲು ಇಲ್ಲಿ ಕುರಿ ಕಾಯುತ್ತಿದ್ದವನು ಈಗ ಕಾರವಾರದ ಕಡೆಯ ಒಂದು ರೆಸಾರ್ಟಿನಲ್ಲಿ, ಕಡಲಿಗಿಳಿಯುವ ಪ್ರವಾಸಿಗರನ್ನು ಕಾಯುತ್ತಾನೆ. ಅಲ್ಲಿ ಕೊಟ್ಟ ಸೀಟಿ ಕುತ್ತಿಗೆಯಲ್ಲಿ ಶೋಕಿಗಷ್ಟೇ ನೇತಾಡುತ್ತದೆ. ಯಾರಾದರೂ ಸೊಂಟಮಟ್ಟದ ನೀರು ದಾಟಿದರೆ ಸಾಕು, ಹಿಂಡು ತಿರುಗಿಸುವ ದನಿಯಲ್ಲಿ "ಹುರ್ರ್ಯೋ, ಎನಕ್ಕಿ ರಾ!" ಎಂದು, ಹಿಂದಕ್ಕೆ ಬಾ ಅಂತ ತೆಲುಗಿನಲ್ಲಿ ಕೂಗುತ್ತಾನೆ. ಆ ಕೂಗಿಗೆ ದಿಲ್ಲಿಯವರು, ಜರ್ಮನಿಯವರು ಮಾತ್ರವಲ್ಲ, ಅಲೆಗಳೂ ಒಂದು ಗೇಣು ಹಿಂದೆ ಸರಿಯುತ್ತವಂತೆ. ಕೊನೆಯ ಮಗು ಮರಳಿಗೆ ಬರುವ ತನಕ ಅವನು ಊಟಕ್ಕೆ ಕೂರುವುದಿಲ್ಲ. ಮೊನ್ನೆ ಊರಿನ ಹೆಂಗಸರ ಜೊತೆ ಅಲ್ಲಿಗೆ ಪ್ರವಾಸ ಹೋಗಿದ್ದ ಅವನ ಅಕ್ಕ ಸಣ್ಣಕ್ಕ, ಮ್ಯಾನೇಜರ್ ಎದುರಿಗೇ ನಕ್ಕುಬಿಟ್ಟಳು: "ನಮ್ಮೂರ ಕೆರೆಗೆ ಇಳಿಯಾಕೇ ಹೆದರ್ತಿದ್ದೋನು! ಈಜು ಬತ್ತದೇನ್ಲಾ ನಿಂಗೆ?" ಮ್ಯಾನೇಜರ್ ಹುಬ್ಬೇರಿಸಿದ. ತಮ್ಮನ ಕೆಲಸಕ್ಕೆ ತಾನೇ ಕಲ್ಲು ಹಾಕಿದೆನೆಂದು ಸಣ್ಣಕ್ಕ ನಾಲಿಗೆ ಕಚ್ಚಿಕೊಂಡಳು. ಕದಿರಪ್ಪ ಮಾತ್ರ ನೀರಿನಿಂದ ಕಣ್ಣು ಕೀಳದೆ ಹೇಳಿದ: "ಈಜು ಬರೋನು ಮುಳುಗಿದೋರ್ನ ಎತ್ಕೊಂಡ್ ಬತ್ತಾನೆ ಕಣಕ್ಕ. ನಂಗೆ ಬರಲ್ವಲ್ಲ, ಅದ್ಕೇ ಯಾರ್ನೂ ಮುಳುಗಾಕೇ ಬಿಡಾಕಿಲ್ಲ."