ತಾತನ ಎಡಗಡೆಯ ಮೊಳೆ

ಹುಣಸೆ ಕಡ್ಡಿಗಳನ್ನು ಮುಚ್ಚಳದ ಡಬ್ಬಿಗೆ ತುಂಬಿ ನೀರೊಲೆಯ ಕೆಂಡದಲ್ಲಿ ಹೂತಿಟ್ಟರೆ ಬೆಳಗಾಗುವಷ್ಟರಲ್ಲಿ ಚಿತ್ರ ಬರೆಯುವ ಇದ್ದಿಲು ಸಿದ್ಧ. ಮದ್ದೂರಿನ ಡ್ರಾಯಿಂಗ್ ಮೇಷ್ಟ್ರು ಮೊದಲು ಕಲಿಸಿದ್ದೇ ಅದನ್ನು. ಭಾನುವಾರ ನಮ್ಮೂರು ಕೊಪ್ಪದಿಂದ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಿದ್ದೆ. ರಬ್ಬರು ಮುಟ್ಟುವಂತಿಲ್ಲ, ತಪ್ಪಾದರೆ ಬಟ್ಟೆಯಲ್ಲಿ ಒರೆಸಬೇಕು. ನಾನು ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ, ಒರೆಸಿದಾಗಲೆಲ್ಲ ಹಿಂಬದಿಯಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಅಜ್ಜಿಯನ್ನು ಬರೆದ ಹಾಳೆಗಳ ಹಿಂಬದಿ ಬೇಲಿ ನೆಟ್ಟಂತೆ ಕಾಣುತ್ತದೆ.

ನಡುಮನೆಯ ಗೋಡೆಯಲ್ಲಿ ತೀರಿಹೋದ ತಾತನ ಫೋಟೋ ಇತ್ತು. ಇಬ್ಬರೂ ಜೊತೆಯಲ್ಲಿ ತೆಗೆಸಿಕೊಂಡದ್ದು ಒಂದೂ ಇಲ್ಲ. "ನನ್ನೂ ಬರ್ದು ಅವ್ರ ಪಕ್ಕ ತಗಲಾಕು ಮಗ," ಎಂದು ಅಜ್ಜಿ ಕೇಳಿದ್ದಳು. ಬದುಕಿರುವವರನ್ನು ಹಾಗೆ ಹಾಕಬಾರದೆಂದು ಅವ್ವ ತಡೆದರೂ ಕೇಳದೆ, ಹೆಂಡತಿಯ ಜಾಗವೆಂದು ತಾತನ ಎಡಗಡೆಗೆ, ಅಂದರೆ ನೋಡುವವರ ಬಲಕ್ಕೆ, ಮೊಳೆಯನ್ನೂ ಹೊಡೆಸಿದ್ದಳು.

ಬಾಗಿಲ ಬೆಳಕಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತವಳ ಒಂದು ಪಕ್ಕದ ಮುಖ ಬರೆದೆ. ಮುಖದ ಉದ್ದವನ್ನೇ ಅಳತೆಯಾಗಿಟ್ಟುಕೊಂಡು ಭುಜ, ಮೊಣಕಾಲು ಗುರುತಿಸಿದೆ. ನೋಟ ಹರಿಯುವ ಕಡೆ ಖಾಲಿ ಜಾಗ ಬಿಟ್ಟೆ. ಮೇಷ್ಟ್ರು ಹೇಳಿದ್ದೆಲ್ಲ ಇತ್ತು. ಮೊಳೆಗೆ ತಗುಲಿಸಿ ನೋಡಿದರೆ ಅಜ್ಜಿ ತಾತನಿಗೆ ಬೆನ್ನು ಹಾಕಿ ಕೂತಿದ್ದಳು.

"ಬದ್ಕಿದ್ದಾಗ್ಲೇ ಹಿಂಗ್ ಮುನಿಸ್ಕಂಡ್ ಕೂತಿರ್ಲಿಲ್ಲ ಕಣವ್ವ!" ಎಂದಳು ಅಜ್ಜಿ.

ಅವಳ ಇನ್ನೊಂದು ಪಕ್ಕಕ್ಕೆ ಚಾಪೆ ಎಳೆದುಕೊಂಡು ಮತ್ತೆ ಬರೆದೆ. ಈಗ ತಾತನ ಕಡೆ ನೋಡುತ್ತಿದ್ದಳು, ಆದರೆ ಬಲಗಡೆಯ ಮೂಗುಬೊಟ್ಟು ಮರೆಯಾಯಿತು. "ಅವ್ರು ಮಾಡ್ಸಿದ್ದೇ ಅದೊಂದು. ಅದ್ನೂ ಕಿತ್ಕಂಡ್ಯಾ?" ಎಂದಳು.

ಎರಡೂ ಹಾಳೆ ಹಿಡಿದು ಮದ್ದೂರಿಗೆ ಹೋದೆ. ಮೇಷ್ಟ್ರು ನಕ್ಕರು. "ಮುಕ್ಕಾಲು ಮುಖ ಕಷ್ಟ ಅಂತ ತಪ್ಪಿಸ್ಕೊಂಡು ಓಡಾಡ್ತಿದ್ದೆ. ಈಗ ಸಿಕ್ಕಾಕೊಂಡೆ ನೋಡಮ್ಮ."

ಅರ್ಧ ತಿರುಗಿದ ಮುಕ್ಕಾಲು ಮುಖದಲ್ಲಿ ಮೂಗಿನ ಎರಡೂ ಪಕ್ಕ ಕಾಣುತ್ತವೆ, ಆದರೆ ಆಚೆಯ ಕೆನ್ನೆ ಕಿರಿದಾಗುತ್ತದೆ, ಅದರ ಮುಂದೆ ಮೂಗು ಎದ್ದು ನಿಲ್ಲಬೇಕು. ಅವರೆಕಾಯಿ ಕಾಲ ಮುಗಿಯುವವರೆಗೂ ಗೀಟುಗಳು ಬೆಳೆದವು. ಅಜ್ಜಿ ಒಂದು ಗಳಿಗೆ ಅಲ್ಲಾಡದೆ ಕೂರುತ್ತಿರಲಿಲ್ಲ. "ಇನ್ನೂವೆ ಮೂಗ್ ಬರ್ನಿಲ್ವಾ? ಸೊನೆಗೆ ಕೈಯೆಲ್ಲಾ ಕಪ್ಪಾದೋ," ಎನ್ನುವಳು. ನನ್ನ ಕೈಯೂ ಕಪ್ಪಾಗಿರುತ್ತಿತ್ತು. ಕೊನೆಗೆ ಮೂಗು ಬಂತು. ಮೂಗುಬೊಟ್ಟು ಇರುವಲ್ಲಿ ಇದ್ದಿಲು ತಾಗಿಸದೆ ಹಾಳೆಯ ಬಿಳುಪನ್ನೇ ಉಳಿಸಿದೆ.

ಕಟ್ಟು ಹಾಕಿಸಿ ತಗುಲಿಸಿದ ದಿನ ಅಜ್ಜಿ ತುಂಬಾ ಹೊತ್ತು ನೋಡುತ್ತ ನಿಂತಳು. ಆಮೇಲೆ ತಾತನೇ ಎದುರು ಬಂದಂತೆ ತಲೆ ಮೇಲೆ ಸೆರಗು ಎಳೆದುಕೊಂಡು, "ಈಗ ಸರೋಯ್ತು," ಎಂದಳು.

ಈಗ ಎರಡಕ್ಕೂ ಹೂವು ಹಾಕುತ್ತೇವೆ. ಅವಳದ್ದನ್ನು ನಾನೇ ಹಾಕುತ್ತೇನೆ, ಮೂಗುಬೊಟ್ಟು ಮುಚ್ಚದ ಹಾಗೆ.