ಡಾಂಬರಿಗೂ ಗರಸಿಗೂ ಒಂದೇ ಸೈಕಲ್

ತಾಂಬಾದ ಆಶಾ ಕಾರ್ಯಕರ್ತೆ ರೇಣವ್ವನ ಸೈಕಲ್ಲು ಅಸಲಿಗೆ ಮಗಳು ಪಲ್ಲವಿಗೆ ಹೈಸ್ಕೂಲಿನಲ್ಲಿ ಸರಕಾರ ಕೊಟ್ಟದ್ದು. ಪಲ್ಲವಿ ಮದುವೆಯಾಗಿ ಸಿಂದಗಿಗೆ ಹೋದಾಗ ಅದು ತಾಯಿಯ ಪಾಲಿಗೆ ಬಂತು. ನಲವತ್ತು ದಾಟಿದ ಮೇಲೆ ಬಿದ್ದೆದ್ದು ಸೈಕಲ್ ಕಲಿತ ರೇಣವ್ವ, ಬಾಣಂತಿಯರನ್ನೂ ಕೂಸುಗಳನ್ನೂ ನೋಡಲು ತೋಟದ ವಸ್ತಿಗಳಿಗೆ ಅದರ ಮೇಲೆಯೇ ಹೋಗುತ್ತಿದ್ದಳು. ಅರ್ಧ ದಾರಿ ಡಾಂಬರು, ಮುಂದೆ ಬರೀ ಗರಸು, ಸಡಿಲ ಕಲ್ಲುಮಣ್ಣು. ಅಲ್ಲಿ ಗಾಲಿ ಜಾರುತ್ತಿತ್ತು. ಇಳಿದು ನೂಕಿಕೊಂಡು ಹೋಗಿ ವಸ್ತಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಈ ವರ್ಷ ಅದರ ಫ್ರೇಮೇ ಮುರಿಯಿತು.

ಗಂಡ ಸುಭಾಸ ಅವಳನ್ನು ಇಂಡಿ ಪಟ್ಟಣದ ಸೈಕಲ್ ಅಂಗಡಿಗೆ ಕರೆದೊಯ್ದ. ಅವನ ಕಣ್ಣು ದಪ್ಪ ಗಾಲಿಯ ಕೆಂಪು ಸೈಕಲ್ಲಿನ ಮೇಲೆಯೇ ನೆಟ್ಟಿತು.

"ಇದನ್ನ ತಗೋ. ಬುಲೆಟ್ ಇದ್ದಂಗ ಐತಿ!"

ರೇಣವ್ವ ಅಂಗಡಿಯ ಮುಂದೆ ಒಂದು ಸುತ್ತು ತುಳಿದು ಏದುಸಿರು ಬಿಡುತ್ತ ಬಂದಳು. "ಇದು ನನ್ನ ಹೊರೂದಿಲ್ರಿ, ನಾನ ಇದನ್ನ ಹೊರಬೇಕು."

ತೆಳು ಗಾಲಿಯ ಇನ್ನೊಂದು ಸೈಕಲ್ಲು ಡಾಂಬರಿನ ಮೇಲೆ ಹಕ್ಕಿಯಂತೆ ಹಾರಿತು. ಪಕ್ಕದಲ್ಲಿ ಮನೆ ಕಟ್ಟಲು ಸುರಿದಿದ್ದ ಜಲ್ಲಿಗೆ ಇಳಿಸಿದ್ದೇ ತಡ, ಅಡ್ಡಬಿತ್ತು.

ಅಂಗಡಿಯ ರಾವಸಾಬ ಓಡಿಬಂದು ಅವಳನ್ನು ಎಬ್ಬಿಸಿದ. ಒಳಗಿನಿಂದ ಇನ್ನೊಂದು ತಂದ. ಅದರ ಗಾಲಿ ದಪ್ಪವೂ ಅಲ್ಲ, ತೆಳುವೂ ಅಲ್ಲ. ಸೀರೆಗೆ ಅಡ್ಡಿಯಾಗದಂತೆ ಫ್ರೇಮು ಕೆಳಕ್ಕೆ ಬಾಗಿತ್ತು. ಗೇರೂ ಇದ್ದವು.

"ಅಕ್ಕಾರ, ಗರಸು ಬಂದಾಗ ಚೂರು ಹವಾ ಬಿಡ್ರಿ. ಗಾಲಿ ನೆಲಾ ಹಿಡಿತೈತಿ. ಡಾಂಬರಿಗೆ ಬಂದು ಮತ್ತ ಪಂಪ್ ಹೊಡ್ಕೋರಿ."

"ಹವಾ ಬಿಟ್ರ ಕೂತಬಿಡೂದಿಲ್ಲೇನ್ರಿ?"

"ಪೂರಾ ಬಿಡಬ್ಯಾಡ್ರಿ. ಹೆಬ್ಬೆರಳಿಲೆ ಒತ್ತಿದ್ರ ಸ್ವಲ್ಪ ಒಳಗ ಹೋಗಬೇಕು, ಅಷ್ಟ."

ಅವನು ಚೂರು ಹವಾ ಬಿಟ್ಟುಕೊಟ್ಟ ಮೇಲೆ, ಆಗತಾನೇ ತನ್ನನ್ನು ಕೆಡವಿದ್ದ ಜಲ್ಲಿಗೆ ರೇಣವ್ವ ಅಳುಕುತ್ತಲೇ ಇಳಿದಳು. ಕಲ್ಲುಗಳು ಗಾಲಿಯಡಿ ಕರಕರ ಎಂದವು, ಆದರೆ ಸೈಕಲ್ಲು ಹೊಯ್ದಾಡಲಿಲ್ಲ. ಇಳಿದವಳೇ ಗಾಲಿಯನ್ನು ಮತ್ತೆ ಮತ್ತೆ ಒತ್ತಿ ನೋಡಿದಳು. ಒಳಗಿರುವುದು ಬರೀ ಗಾಳಿ! ಆ ಗಾಳಿಯೇ ಒಮ್ಮೆ ಓಡಿಸುತ್ತದೆ, ಒಮ್ಮೆ ಹಿಡಿದು ನಿಲ್ಲಿಸುತ್ತದೆ. "ಅಯ್ಯ ಶಿವನ!" ಎಂದಳು. ಸುಭಾಸ ಕೆಂಪು ಸೈಕಲ್ಲಿನ ಮಾತು ಬಿಟ್ಟ.

ಮರುದಿನ ಬೆಳಿಗ್ಗೆ ರೇಣವ್ವ ಹೊಸ ಸೈಕಲ್ಲಿನ ಮೇಲೆ ಚನ್ನವ್ವನ ವಸ್ತಿಗೆ ಹೊರಟಳು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದ ಚನ್ನವ್ವನ ಮೊಮ್ಮಗನ ತೂಕ ನೋಡಬೇಕಿತ್ತು. ಡಾಂಬರು ಮುಗಿದಲ್ಲಿ ಹವಾ ಬಿಟ್ಟಳು. ದಿಬ್ಬ ಬಂತು, ಗೇರು ಇಳಿಸಿದಳು. ಕಾಲುಗಳು ಹಗುರವಾಗಿ ತಿರುಗಿದವು. ನೆಲವೇ ಮೆಲ್ಲಗೆ ತನ್ನನ್ನು ಮೇಲಕ್ಕೆ ಎತ್ತಿಕೊಡುತ್ತಿದೆ ಎನಿಸಿತು. ದಿಬ್ಬದ ನೆತ್ತಿಯಲ್ಲಿ ನಿಂತಳು. ನಿಂಬೆ ತೋಟಗಳ ಮೇಲೆ ಎಳೆಬಿಸಿಲು ಹರಡಿತ್ತು. ಇಷ್ಟು ವರ್ಷ ಓಡಾಡಿದ ದಾರಿ; ಈ ಹೊತ್ತಿನಲ್ಲಿ ಅದು ಹೀಗಿರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಇಷ್ಟ ಲಗೂನ ಹೆಂಗ ಬಂದಿ ರೇಣವ್ವಾ? ಕೂಸು ಇನ್ನೂ ಮಲಗಿಲ್ಲ ನೋಡು," ಎಂದಳು ಚನ್ನವ್ವ.

ಮಧ್ಯಾಹ್ನ ಬರುತ್ತಿದ್ದ ರೇಣವ್ವ ಯಾವಾಗಲೂ ಆ ಕೂಸನ್ನು ನಿದ್ದೆಯಲ್ಲಿಯೇ ತೂಗಿದ್ದಳು. ಇಂದು ಅದು ಅವಳ ತೊಡೆಯ ಮೇಲಿದ್ದು, ಕಣ್ಣರಳಿಸಿ ಅವಳನ್ನೇ ದಿಟ್ಟಿಸಿತು. ತಕ್ಕಡಿ ತೆಗೆಯುವುದನ್ನು ಮರೆತು ಅವಳೂ ಅದನ್ನೇ ನೋಡುತ್ತ ಕೂತಳು.